ವಿದೇಶಕ್ಕೆ ಹೊರಟಾಗ ಪ್ರಿಪೇಯ್ಡ್ ಸಿಮ್: ಇಲ್ಲಿಯ ನಂಬರ್ ಉಳಿಸಿಕೊಂಡು ಅಲ್ಲಿಯ ಇಂಟರ್ನೆಟ್ ಬಳಸುವುದು ಹೇಗೆ?

ಸಾಧನಕೇರಿ ಮೇಷ್ಟ್ರು, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನೂ ನನ್ನ ಪತ್ನಿಯೂ ಮುಂದಿನ ತಿಂಗಳು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿರುವ ಮಗಳ ಮನೆಗೆ ಹೊರಟಿದ್ದೇವೆ. ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾದ ಮೇಲೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದಾದ್ದರಿಂದ, ಹೆಚ್ಚುಕಡಿಮೆ ಆ ಮಿತಿಯವರೆಗೂ ಅಲ್ಲಿರುವ ವಿಚಾರವಿದೆ. ಬೆಂಗಳೂರಿನಿಂದ ದುಬೈ ಮೇಲೆ ಹೋಗುತ್ತೇವೆ. ನಡುವೆ ಅಳಿಯಂದಿರು ಸ್ವಿಟ್ಜರ್ಲೆಂಡ್ ತೋರಿಸುವುದಾಗಿ ಹೇಳಿದ್ದಾರೆ.

ನಮ್ಮಿಬ್ಬರದೂ ಪ್ರಿಪೇಯ್ಡ್ ನಂಬರ್‌ಗಳು. ಪಿಂಚಣಿ ಜಮೆಯಾಗುವ ಖಾತೆ, ಆಧಾರ್, ಗ್ಯಾಸ್ ಬುಕಿಂಗ್, ಹೆಸ್ಕಾಂ ಬಿಲ್ಲು ಎಲ್ಲವೂ ನನ್ನ ಒಂದೇ ನಂಬರಿಗೆ ಜೋಡಣೆಯಾಗಿವೆ. ಒಬ್ಬರು ಇಲ್ಲಿಯ ಸಿಮ್ಮೇ ಅಲ್ಲಿಯೂ ನಡೆಯುವಂತೆ ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋಗಿ ಅನ್ನುತ್ತಾರೆ, ಇನ್ನೊಬ್ಬರು ಅಲ್ಲಿ ಇಳಿದ ಮೇಲೆ ಅಲ್ಲಿಯ ಸಿಮ್ ಕೊಳ್ಳಿ ಅನ್ನುತ್ತಾರೆ, ಮೂರನೆಯವರು ಇಲ್ಲಿಯ ಸಿಮ್ ತೆಗೆದು ಮನೆಯಲ್ಲೇ ಇಟ್ಟು ಹೋಗಿ, ಇಲ್ಲವಾದರೆ ಸಾವಿರಗಟ್ಟಲೆ ಬಿಲ್ ಬರುತ್ತದೆ ಎಂದು ಹೆದರಿಸುತ್ತಾರೆ. ಏನು ಮಾಡಬೇಕು ಎಂಬುದರ ಜೊತೆಗೆ ಯಾಕೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ವಿದ್ಯಾನಗರ, ಹುಬ್ಬಳ್ಳಿ

ಸರ್, ನಿಮ್ಮ ಪ್ರಶ್ನೆಯಲ್ಲಿ ಎರಡು ಕೆಲಸಗಳು ಒಂದರೊಳಗೊಂದು ಸೇರಿಕೊಂಡಿವೆ. ಬಿಡಿಸಿಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಿಮ್ಮ ಭಾರತದ ನಂಬರ್ ಚಾಲ್ತಿಯಲ್ಲಿದ್ದು ಅದಕ್ಕೆ ಬ್ಯಾಂಕಿನ ಸಂದೇಶ ಬರುತ್ತಿರಬೇಕು ಎಂಬುದು ಒಂದು ಕೆಲಸ. ಅಲ್ಲಿ ಓಡಾಡುವಾಗ ಇಂಟರ್ನೆಟ್ಟೂ ಸ್ಥಳೀಯ ಕರೆಯೂ ಬೇಕು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಭಾರತದ ಸಿಮ್ ಬಿಟ್ಟರೆ ಬೇರೆ ದಾರಿಯಿಲ್ಲ. ಎರಡನೆಯದಕ್ಕೆ, ಅದರಲ್ಲೂ ತಿಂಗಳುಗಟ್ಟಲೆ ಇರುವವರಿಗೆ, ಅಲ್ಲಿಯದೇ ಪ್ರಿಪೇಯ್ಡ್ ಸಿಮ್ ಅಗ್ಗವೂ ಹೌದು, ಅನುಕೂಲವೂ ಹೌದು.

ಆದ್ದರಿಂದ ಎರಡನ್ನೂ ಒಂದೇ ಫೋನಿನಲ್ಲಿ ಇಟ್ಟುಕೊಳ್ಳಿ. ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ಡೇಟಾ ಎಂಬಲ್ಲಿ ಜರ್ಮನಿಯ ಸಿಮ್ ಆರಿಸಿ, ಭಾರತದ ಸಿಮ್‌ನ ಡೇಟಾ ರೋಮಿಂಗ್ ಗುಂಡಿಯನ್ನು ಆಫ್ ಮಾಡಿ. ಹೊಸ ಫೋನುಗಳಲ್ಲಿ ಒಂದು ಸಿಮ್‌ಗೆ ಸಿಗ್ನಲ್ ಕಡಿಮೆಯಾದಾಗ ತಾನಾಗಿಯೇ ಇನ್ನೊಂದರ ಡೇಟಾ ಎಳೆದುಕೊಳ್ಳುವ ಸೌಲಭ್ಯವೊಂದಿರುತ್ತದೆ. ಅದನ್ನೂ ತಪ್ಪದೇ ಆಫ್ ಮಾಡಬೇಕು.

ಸಿಮ್ ಮನೆಯಲ್ಲಿಟ್ಟು ಹೋಗಿ ಎಂದವರು ಪೋಸ್ಟ್‌ಪೇಯ್ಡ್ ಕಾಲದ ಭಯವನ್ನು ಪ್ರಿಪೇಯ್ಡ್‌ಗೆ ಹಚ್ಚುತ್ತಿದ್ದಾರೆ. ಪ್ರಿಪೇಯ್ಡ್‌ನಲ್ಲಿ ಇದ್ದ ಬ್ಯಾಲೆನ್ಸ್ ಮುಗಿದರೆ ಸೇವೆ ನಿಲ್ಲುತ್ತದೆಯೇ ಹೊರತು ತಿಂಗಳ ಕೊನೆಗೆ ಬಿಲ್ ಬರುವುದಿಲ್ಲ.

ನವನಗರ, ನಿವೃತ್ತ ಬ್ಯಾಂಕ್ ಅಧಿಕಾರಿ

ಮೇಷ್ಟ್ರೇ, ವಿದ್ಯಾನಗರದವರ ಮಾತು ಸರಿಯಿದೆ, ಆದರೆ ಬ್ಯಾಂಕಿನ ಕಡೆಯಿಂದ ಕೆಲವು ಸಂಗತಿಗಳನ್ನು ಸೇರಿಸಲೇಬೇಕು. ನಮ್ಮ ಕಂಪನಿಗಳ ಸಿಮ್ ರೋಮಿಂಗ್‌ನಲ್ಲಿದ್ದಾಗ ಒಳಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ಹಣ ಹಿಡಿಯುವುದಿಲ್ಲ, ಡೇಟಾ ಆಫ್ ಇದ್ದರೂ ಒಟಿಪಿ ಬರುತ್ತದೆ. ಆದರೆ ಇದಕ್ಕೆ ಎರಡು ಷರತ್ತುಗಳಿವೆ. ಇಂಟರ್‌ನ್ಯಾಷನಲ್ ರೋಮಿಂಗ್ ಸೇವೆ ಹೊರಡುವ ಮುನ್ನವೇ ಚಾಲೂ ಆಗಿರಬೇಕು. ಅದನ್ನು ಚಾಲೂ ಮಾಡುವ ರೀತಿ ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ನಿಮ್ಮ ಕಂಪನಿಯ ಆ್ಯಪ್‌ನಲ್ಲಿ ನೋಡಿಕೊಳ್ಳಿ. ಜೊತೆಗೆ ಇಲ್ಲಿಯ ಸಾಮಾನ್ಯ ರೀಚಾರ್ಜಿನ ಅವಧಿಯೂ ಜಾರಿಯಲ್ಲಿರಬೇಕು.

ಕರೆಯ ಮಾತು ಬೇರೆ. ಪ್ಯಾಕ್ ಇಲ್ಲದೆ ರೋಮಿಂಗ್‌ನಲ್ಲಿದ್ದಾಗ ಬಂದ ಕರೆಯನ್ನು ಎತ್ತಿದರೂ ನಿಮಿಷಕ್ಕಿಷ್ಟು ಎಂದು ಹಣ ಹೋಗುತ್ತದೆ. ಸಾಲ ಬೇಕೇ ಎಂದು ಕೇಳುವವರಿಗೆ ನೀವು ಸ್ಟುಟ್‌ಗಾರ್ಟ್‌ನಲ್ಲಿರುವುದು ತಿಳಿದಿರುವುದಿಲ್ಲ.

ಯುಪಿಐ ಬಗ್ಗೆಯೂ ಒಂದು ಎಚ್ಚರಿಕೆ ಹೇಳುತ್ತೇನೆ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಅಥವಾ ಆ್ಯಪ್ ಅಳಿಸಿ ಮತ್ತೆ ಹಾಕಿದರೆ, ಅದು ನಿಮ್ಮ ನಂಬರಿನಿಂದ ಹೊರಕ್ಕೆ ಒಂದು ಎಸ್‌ಎಂಎಸ್ ಕಳಿಸಿ ಖಾತ್ರಿ ಮಾಡಿಕೊಳ್ಳುತ್ತದೆ. ರೋಮಿಂಗ್‌ನಲ್ಲಿ ಹೊರಹೋಗುವ ಎಸ್‌ಎಂಎಸ್‌ಗೆ ಹಣ ಹಿಡಿಯುತ್ತಾರೆ. ಮುಖ್ಯ ಬ್ಯಾಲೆನ್ಸ್‌ನಲ್ಲಿ ಏನೂ ಇಲ್ಲದಿದ್ದರೆ ಅದು ಹೋಗುವುದೇ ಇಲ್ಲ, ಖಾತ್ರಿಯೂ ಆಗುವುದಿಲ್ಲ. ಆದ್ದರಿಂದ ಒಂದಿಷ್ಟು ಟಾಕ್‌ಟೈಮ್ ಹಾಕಿಸಿಕೊಂಡೇ ಹೊರಡಿ, ಬ್ಯಾಂಕಿಗೆ ಜೋಡಣೆಯಾದ ಸಿಮ್ ಇರುವ ಫೋನನ್ನು ಅಲ್ಲಿ ಬದಲಾಯಿಸಬೇಡಿ.

ಮುಳಗುಂದ ನಾಕಾ, ಗದಗ

ಅಲ್ಲಿದ್ದಾಗಲೇ ರೀಚಾರ್ಜ್ ಅವಧಿ ಮುಗಿದರೆ ನಂಬರ್ ಹೋಗಿಬಿಡುತ್ತದೆಯೇ?

ಕೊಪ್ಪಿಕರ್ ರಸ್ತೆ ಮೊಬೈಲ್ ಅಂಗಡಿ, ಹುಬ್ಬಳ್ಳಿ

ಕೂಡಲೇ ಹೋಗುವುದಿಲ್ಲ. ಮೊದಲು ಹೊರಹೋಗುವ ಕರೆ ನಿಲ್ಲುತ್ತದೆ, ಆಮೇಲೆ ಒಳಬರುವುದೂ ನಿಲ್ಲುತ್ತದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ, ಬಳಕೆಯಿಲ್ಲದೆ 90 ದಿನ ಕಳೆಯುವ ಮುನ್ನ ಪ್ರಿಪೇಯ್ಡ್ ನಂಬರನ್ನು ರದ್ದು ಮಾಡುವಂತಿಲ್ಲ; ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ನಂಬರನ್ನು ಮುಂದುವರಿಸಬೇಕು. ಆದರೆ ನಂಬರ್ ನಿಮ್ಮ ಹೆಸರಿನಲ್ಲಿ ಉಳಿಯುವುದಕ್ಕೂ ಅದಕ್ಕೆ ಒಟಿಪಿ ಬರುವುದಕ್ಕೂ ಬಹಳ ವ್ಯತ್ಯಾಸವಿದೆ. ನಂಬರ್ ಉಳಿದರೆ ಸಾಲದು, ರೀಚಾರ್ಜೂ ಜಾರಿಯಲ್ಲಿರಬೇಕು.

ಅಂಗಡಿಗೆ ಬರುವ ಹಿರಿಯರು 84 ದಿನದ ಪ್ಯಾಕ್ ಹಾಕಿಸಿಕೊಂಡು 90 ದಿನಕ್ಕೆ ಹೊರಡುತ್ತಾರೆ. ಕೊನೆಯ ವಾರದಲ್ಲಿ, ವಾಪಸಿನ ಟಿಕೆಟ್ ಬದಲಾಯಿಸಲು ಕಾರ್ಡ್ ಬಳಸಬೇಕಾದ ಹೊತ್ತಿಗೆ ಸಂದೇಶ ನಿಂತಿರುತ್ತದೆ. ಟ್ರಾಯ್ 2024ರ ಡಿಸೆಂಬರಿನಲ್ಲಿ ನಿಯಮ ತಿದ್ದಿ, ಡೇಟಾ ಇಲ್ಲದೆ ಬರೀ ಕರೆ ಮತ್ತು ಎಸ್‌ಎಂಎಸ್ ಇರುವ ಪ್ಯಾಕ್‌ಗಳನ್ನು ಕಂಪನಿಗಳು ಕೊಡಲೇಬೇಕೆಂದು ಹೇಳಿತು, ವಿಶೇಷ ಪ್ಯಾಕ್‌ಗಳ ಅವಧಿಯನ್ನೂ 365 ದಿನಗಳವರೆಗೆ ಹಿಗ್ಗಿಸಿತು. ಮೂರು ತಿಂಗಳು ಇಲ್ಲಿಯ ಡೇಟಾ ಬೇಡವೇ ಬೇಡ ಅನ್ನುವವರಿಗೆ ಇಂಥ ದೀರ್ಘಾವಧಿಯ ಪ್ಯಾಕ್ ಹೇಳಿ ಮಾಡಿಸಿದಂತಿದೆ. ಅಂಗಡಿಯವರು ತಾವಾಗಿ ಹೇಳದಿದ್ದರೆ ಕೇಳಿ ಹಾಕಿಸಿಕೊಳ್ಳಿ.

ಸ್ಟುಟ್‌ಗಾರ್ಟ್‌ನ ಧಾರವಾಡಿಗ

ಮೇಷ್ಟ್ರೇ, ನಾನು ನಿಮ್ಮ ಮಗಳ ಊರಿನಲ್ಲೇ ಇದ್ದೇನೆ, ಆದ್ದರಿಂದ ಇಲ್ಲಿಯ ರೂಢಿ ಹೇಳುತ್ತೇನೆ. ಜರ್ಮನಿಯಲ್ಲಿ 2017ರ ಜುಲೈನಿಂದ ಪ್ರಿಪೇಯ್ಡ್ ಸಿಮ್‌ಗೂ ಗುರುತಿನ ಪರಿಶೀಲನೆ ಕಡ್ಡಾಯವಾಗಿದೆ. ಸಿಮ್ ಮಾತ್ರ ದಿನಸಿ ಅಂಗಡಿಯಲ್ಲಿ ಹಾಲು ಬ್ರೆಡ್ಡಿನ ಜೊತೆ ಸಿಗುತ್ತದೆ. ಆಲ್ಡಿ ಮಳಿಗೆಗಳಲ್ಲಿ ಆಲ್ಡಿ ಟಾಕ್, ಲಿಡ್ಲ್ ಮಳಿಗೆಗಳಲ್ಲಿ ಲಿಡ್ಲ್ ಕನೆಕ್ಟ್ ಎಂಬ ಸಿಮ್‌ಗಳಿವೆ. ಮೊದಲನೆಯದು ಓ2 ಜಾಲದ ಮೇಲೆ, ಎರಡನೆಯದು ವೊಡಾಫೋನ್ ಜಾಲದ ಮೇಲೆ ನಡೆಯುತ್ತದೆ. ಕೊಂಡ ಮೇಲೆ ವೀಡಿಯೊ ಕರೆಯಲ್ಲಿ ಪಾಸ್‌ಪೋರ್ಟ್ ತೋರಿಸಿಯೋ ಅಂಚೆ ಕಚೇರಿಗೆ ಹೋಗಿಯೋ ಗುರುತು ಖಚಿತಪಡಿಸಬೇಕು. ವಿಳಾಸವನ್ನೂ ಕೇಳುತ್ತಾರೆ, ಮಗಳ ಮನೆಯ ವಿಳಾಸ ಕೊಡಿ.

ವೀಡಿಯೊ ಕರೆಯಲ್ಲಿ ಪಾಸ್‌ಪೋರ್ಟನ್ನು ಕ್ಯಾಮೆರಾದ ಮುಂದೆ ಓರೆ ಮಾಡಿ ಹಿಡಿಯಿರಿ, ಹೊಳೆಯುವ ಗುರುತು ಕಾಣಲಿ, ಫೋಟೊದ ಮೇಲೆ ಬೆರಳು ಬರದಿರಲಿ ಎಂದೆಲ್ಲ ಹೇಳುತ್ತಾರೆ. ನನ್ನ ತಾಯಿ ಬಂದಾಗ ಅಡುಗೆಮನೆಯ ದೀಪದ ಬೆಳಕು ಪಾಸ್‌ಪೋರ್ಟ್ ಪುಟದ ಮೇಲೆ ಬಿದ್ದು ಅಕ್ಷರ ಕಾಣದಂತಾಗಿ, ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು ಕುಳಿತ ಮೇಲೆಯೇ ಕೆಲಸ ಮುಗಿಯಿತು. ಮಗಳು ಪಕ್ಕದಲ್ಲಿದ್ದು ಹಗಲು ಹೊತ್ತಿನಲ್ಲಿ ಮಾಡಿಸಲಿ.

ಇನ್ನು ಸ್ವಿಟ್ಜರ್ಲೆಂಡ್. ಯುರೋಪಿಯನ್ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ರೋಮಿಂಗ್‌ಗೆ ಹೆಚ್ಚಿನ ಹಣ ಇಲ್ಲ. ಈ ವ್ಯವಸ್ಥೆಯನ್ನು 2032ರವರೆಗೆ ವಿಸ್ತರಿಸಿದ್ದಾರೆ. ಜರ್ಮನಿಯ ಸಿಮ್ ಫ್ರಾನ್ಸ್, ಇಟಲಿ, ಆಸ್ಟ್ರಿಯಾಗಳಲ್ಲಿ ಮನೆಯಲ್ಲಿ ನಡೆದಂತೆಯೇ ನಡೆಯುತ್ತದೆ, ಒಕ್ಕೂಟದ ಹೊರಗಿನ ನಾರ್ವೆ, ಐಸ್‌ಲ್ಯಾಂಡ್, ಲಿಕ್ಟೆನ್‌ಸ್ಟೈನ್‌ಗಳಲ್ಲಿಯೂ ನಡೆಯುತ್ತದೆ. ಆದರೆ ಸ್ವಿಟ್ಜರ್ಲೆಂಡ್ ಈ ನಿಯಮದ ಹೊರಗಿದೆ. ವೀಸಾ ಒಂದೇ ಆದ್ದರಿಂದ ಸಿಮ್ ಕೂಡ ಒಂದೇ ಎಂದು ನಮ್ಮವರು ತಿಳಿಯುತ್ತಾರೆ. ವೀಸಾದ ಒಪ್ಪಂದ ಬೇರೆ, ರೋಮಿಂಗ್ ನಿಯಮ ಬೇರೆ. ಕೆಲವು ಕಂಪನಿಗಳು ತಾವಾಗಿ ಸ್ವಿಟ್ಜರ್ಲೆಂಡನ್ನು ಸೇರಿಸಿಕೊಂಡಿರುತ್ತವೆ, ಪ್ಯಾಕ್‌ನ ವಿವರದಲ್ಲಿ ಆ ದೇಶದ ಹೆಸರಿದೆಯೇ ಎಂದು ಓದಿಕೊಳ್ಳಿ. ಕಾನ್‌ಸ್ಟಾನ್ಸ್‌ನಂಥ ಗಡಿಯ ಊರಿನಲ್ಲಿ ನೀವು ಜರ್ಮನಿಯ ನೆಲದ ಮೇಲೆಯೇ ನಿಂತಿದ್ದರೂ ಫೋನು ಆಚೆ ಬದಿಯ ಜಾಲವನ್ನು ಹಿಡಿಯಬಹುದು. ಅಲ್ಲಿಗೆ ಹೋಗುವ ದಿನ ನೆಟ್‌ವರ್ಕನ್ನು ಕೈಯಿಂದ ಆರಿಸಿಕೊಳ್ಳುವುದು ಒಳ್ಳೆಯದು.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ

ಎಲ್ಲರೂ ಸ್ಥಳೀಯ ಸಿಮ್ಮನ್ನೇ ಹೊಗಳುತ್ತಿದ್ದೀರಿ, ನನಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ಮಗಳ ಮನೆಯಲ್ಲಿ ತಿಂಗಳುಗಟ್ಟಲೆ ಇರುವವರ ಲೆಕ್ಕ ಬೇರೆ, ವ್ಯಾಪಾರಕ್ಕೆ ಹೋಗಿ ಬರುವವರ ಲೆಕ್ಕ ಬೇರೆ. ದುಬೈನ ಗಲ್ಫುಡ್ ಮೇಳಕ್ಕೆ ಹೋದಾಗ ನನ್ನನ್ನು ಹುಡುಕುವ ಖರೀದಿದಾರರೂ, ಇಲ್ಲಿ ಮಾರುಕಟ್ಟೆಯ ಟೆಂಡರ್ ದಿನ ರೇಟು ಕೇಳುವ ಮುನೀಮರೂ ನನ್ನ ಇಲ್ಲಿಯ ನಂಬರಿಗೇ ಫೋನ್ ಮಾಡುತ್ತಾರೆ. ಆ ಕರೆ ಎತ್ತದಿದ್ದರೆ ಡಬ್ಬಿ ತಳಿಯ ಮೆಣಸಿನಕಾಯಿಯ ಒಂದು ಲಾಟ್ ಕೈ ತಪ್ಪಬಹುದು. ಅದಕ್ಕೆ ನಾನು ಇಲ್ಲಿಂದಲೇ ರೋಮಿಂಗ್ ಪ್ಯಾಕ್ ಹಾಕಿಸಿಕೊಂಡು ಹೋಗುತ್ತೇನೆ, ವಿಮಾನ ಇಳಿದ ಕೂಡಲೇ ಕರೆಯೂ ಡೇಟಾವೂ ಎರಡೂ ಬರುತ್ತವೆ. ಸರದಿಯಲ್ಲಿ ನಿಂತು ಪಾಸ್‌ಪೋರ್ಟ್ ತೋರಿಸಿ ಸಿಮ್ ಪಡೆಯುವ ಹೊತ್ತಿಗೆ ನಾನು ಒಬ್ಬ ಗಿರಾಕಿಯನ್ನು ಮಾತಾಡಿಸಿರುತ್ತೇನೆ.

ಇನ್ನೊಂದು ವಿಷಯ. ಯುಎಇಯ ಸಿಮ್‌ನಲ್ಲಿ ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ವಾಟ್ಸ್‌ಆ್ಯಪ್ ಕರೆ ಹೋಗುವುದಿಲ್ಲ. ಅಲ್ಲಿಯ ಸರ್ಕಾರ ಅನುಮತಿ ಕೊಟ್ಟ ಬೋಟಿಮ್‌ನಂಥ ಆ್ಯಪ್‌ಗಳಲ್ಲೇ ಮಾತನಾಡಬೇಕು. ದುಬೈನಲ್ಲಿ ವಿಮಾನ ಬದಲಿಸುವಾಗ ಮನೆಗೆ ವಾಟ್ಸ್‌ಆ್ಯಪ್ ಕರೆ ಹತ್ತಲಿಲ್ಲವೆಂದು ಮೇಷ್ಟ್ರು ಗಾಬರಿಯಾಗುವುದು ಬೇಡ.

ವಿದ್ಯಾನಗರ, ಹುಬ್ಬಳ್ಳಿ

ಅಣ್ಣಾವರೇ, ಒಂದು ವಾರದ ವ್ಯಾಪಾರದ ಪ್ರವಾಸಕ್ಕೆ ನಿಮ್ಮ ದಾರಿಯೇ ಸರಿ, ಅದರಲ್ಲಿ ವಾದವಿಲ್ಲ. ಆದರೆ ವಾಟ್ಸ್‌ಆ್ಯಪ್‌ಗಾಗಿ ರೋಮಿಂಗ್ ಡೇಟಾ ಬೇಕೆಂದು ಯಾರೂ ತಿಳಿಯಬಾರದು. ಸ್ಥಳೀಯ ಸಿಮ್‌ನ ಡೇಟಾ ಬಳಸಿದರೂ ವಾಟ್ಸ್‌ಆ್ಯಪ್ ನಿಮ್ಮ ಭಾರತದ ನಂಬರಿನಲ್ಲೇ ಮುಂದುವರಿಯುತ್ತದೆ. ಹೊಸ ಸಿಮ್ ಕಂಡಾಗ ನಂಬರ್ ಬದಲಾಯಿಸಬೇಕೇ ಎಂದು ಅದು ಕೇಳಿದರೆ ಬೇಡ ಎನ್ನಿ.

ಭಾರತದ ಸಿಮ್ ಫೋನಿನಲ್ಲೇ ಇರಲಿ ಎಂದು ನಾನು ಪಟ್ಟು ಹಿಡಿಯುವುದಕ್ಕೆ ಇನ್ನೊಂದು ಕಾರಣವೂ ಇದೆ. ನೋಂದಣಿಯಾದ ಸಿಮ್ ಫೋನಿನಲ್ಲಿ ಇದ್ದರೆ ಮಾತ್ರ ವಾಟ್ಸ್‌ಆ್ಯಪ್‌ನಂಥ ಸಂದೇಶ ಸೇವೆಗಳು ನಡೆಯುವಂತೆ ಮಾಡಬೇಕೆಂದು ದೂರಸಂಪರ್ಕ ಇಲಾಖೆ 2025ರ ನವೆಂಬರಿನಲ್ಲಿ ಆ ಕಂಪನಿಗಳಿಗೆ ಸೂಚಿಸಿದೆ. ಸಿಮ್ ಮನೆಯ ಕಪಾಟಿನಲ್ಲಿಟ್ಟು ಹೋಗಿ ಎನ್ನುವ ಸಲಹೆ ಇದರಿಂದಲೂ ಅಪಾಯದ್ದೇ.

ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಿ

ಅದನ್ನು ನಾನೂ ಒಪ್ಪುತ್ತೇನೆ. ಆದರೆ ನಮ್ಮ ಕಡೆಯ ಹಳ್ಳಿಯ ರೈತರು ವಾಟ್ಸ್‌ಆ್ಯಪ್ ಕರೆ ಮಾಡುವುದಿಲ್ಲ, ನೇರ ಫೋನ್ ಮಾಡುತ್ತಾರೆ. ಕರೆ ಮಾಡುವವರ ರೂಢಿಯನ್ನು ನೋಡಿ ಪ್ಯಾಕ್ ಆರಿಸಬೇಕು ಎಂಬುದೇ ನನ್ನ ಮಾತು.

ಬಸವೇಶ್ವರನಗರ, ಹಾವೇರಿ

ಅಮೆರಿಕಕ್ಕೆ ಹೋಗುವವರು ಸಿಮ್‌ಗಿಂತ ಮೊದಲು ಫೋನಿನ ಬಗ್ಗೆ ವಿಚಾರಿಸಬೇಕು. ನನ್ನ ಮಗ ಟೆಕ್ಸಾಸ್‌ನಲ್ಲಿದ್ದಾನೆ. ನಮ್ಮ ಮನೆಯವರಿಗೆ ಬಟನ್ ಫೋನೇ ಇಷ್ಟ, ಅದನ್ನೇ ತೆಗೆದುಕೊಂಡು ಹೋಗುತ್ತೇನೆಂದು ಹಟ ಹಿಡಿದಿದ್ದರು. ಅಲ್ಲಿ ಎಟಿ ಅಂಡ್ ಟಿ ಕಂಪನಿ 2022ರ ಫೆಬ್ರವರಿಯಲ್ಲಿ, ವೆರೈಝನ್ ಕಂಪನಿ ಅದೇ ವರ್ಷದ ಕೊನೆಗೆ 3ಜಿಯನ್ನೂ ನಿಲ್ಲಿಸಿಬಿಟ್ಟಿವೆ ಎಂದು ಮಗ ತಿಳಿಸಿದ ಮೇಲೆ ಅವರು ಒಪ್ಪಿದರು. ಈಗ ಅಲ್ಲಿ ಕರೆ ಹೋಗಬೇಕಾದರೆ 4ಜಿಯ ಮೇಲೆ ಕರೆ ಮಾಡಬಲ್ಲ ಫೋನ್ ಬೇಕು, ಎಟಿ ಅಂಡ್ ಟಿಯಂತೂ ತನ್ನ ಪಟ್ಟಿಯಲ್ಲಿಲ್ಲದ ಫೋನನ್ನು ಒಪ್ಪುವುದೇ ಇಲ್ಲ. ಇಂಟರ್ನೆಟ್ ಚೆನ್ನಾಗಿ ನಡೆಯುವ ಫೋನಿನಲ್ಲೂ ಕರೆ ಮಾತ್ರ ಹೋಗದಿರಬಹುದು.

ಅಲ್ಲಿಂದ ಮಕ್ಕಳು ಕಳಿಸುವ ಫೋನುಗಳ ತೊಂದರೆಯೂ ಇದೆ. ಅಮೆರಿಕದಲ್ಲಿ ಮಾರುವ ಐಫೋನ್‌ಗಳಿಗೆ 14ರಿಂದ ಈಚೆಗೆ ಸಿಮ್ ಹಾಕುವ ಜಾಗವೇ ಇಲ್ಲ, ಬರೀ ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಚಾಲೂ ಮಾಡುವ ಸಿಮ್. ಕಂತಿನಲ್ಲಿ ಕೊಂಡ ಫೋನಾದರೆ ಆ ಕಂಪನಿಗೇ ಲಾಕ್ ಆಗಿರುತ್ತದೆ, ಬೇರೆ ಸಿಮ್ ಹಿಡಿಯುವುದಿಲ್ಲ.

ಸ್ಟುಟ್‌ಗಾರ್ಟ್‌ನ ಧಾರವಾಡಿಗ

ಅಕ್ಕನವರು ಹೇಳಿದ್ದು ನಿಜ, ಆದರೆ ದೇಶದಿಂದ ದೇಶಕ್ಕೆ ಇದು ಬೇರೆಯಾಗಿದೆ. ಜರ್ಮನಿಯಲ್ಲಿ 2021ರಲ್ಲಿ 3ಜಿ ನಿಲ್ಲಿಸಿದರು, ಹಳೆಯ 2ಜಿಯನ್ನು ಉಳಿಸಿಕೊಂಡರು. ಹಾಗಾಗಿ ಬಟನ್ ಫೋನಿನಲ್ಲೂ ಮಾತನಾಡಬಹುದು. ಆಸ್ಟ್ರೇಲಿಯಾ, ಸಿಂಗಪುರಗಳಲ್ಲಿ 2ಜಿಯೂ ಇಲ್ಲ, 3ಜಿಯೂ ಇಲ್ಲ.

ಬೀಜೋದ್ಯಮ, ರಾಣೆಬೆನ್ನೂರು

ಕಂಪನಿಯ ಕೆಲಸಕ್ಕೆ ಥಾಯ್ಲೆಂಡಿಗೆ ಹೋಗಿ ಬರುತ್ತಿರುತ್ತೇನೆ. ಬ್ಯಾಂಕಾಕ್‌ನ ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಎಐಎಸ್, ಟ್ರೂ ಕಂಪನಿಗಳ ಕೌಂಟರುಗಳು ಹೊರಬರುವ ದಾರಿಯಲ್ಲೇ ಇವೆ. ಪಾಸ್‌ಪೋರ್ಟ್ ನೋಡಿ, ಪ್ರವಾಸಿ ಸಿಮ್ ಕೊಟ್ಟು, ಫೋನಿಗೂ ಅವರೇ ಹಾಕಿಕೊಡುತ್ತಾರೆ. ಊರೊಳಗಿನ ಸೆವೆನ್ ಇಲೆವೆನ್ ಅಂಗಡಿಗಳಲ್ಲೂ ಸಿಮ್ ಸಿಗುತ್ತದೆ. ನಿಲ್ದಾಣದ ಕೌಂಟರಿನಲ್ಲಿ ಪ್ರವಾಸಿಗರಿಗೆಂದು ದೊಡ್ಡ ಪ್ಯಾಕ್‌ಗಳನ್ನೇ ಮುಂದೆ ಇಡುತ್ತಾರೆ, ಚಿಕ್ಕದು ಬೇಕೆಂದು ಕೇಳಿದರೆ ಮಾತ್ರ ತೋರಿಸುತ್ತಾರೆ.

ಇತ್ತೀಚೆಗೆ ನಾನು ಇ-ಸಿಮ್ ಕಡೆ ಹೊರಳಿದ್ದೇನೆ. ಹೊರಡುವ ಮುನ್ನ ಮನೆಯ ವೈಫೈನಲ್ಲೇ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿಟ್ಟುಕೊಂಡರೆ ಅಲ್ಲಿ ಇಳಿದು ಚಾಲೂ ಮಾಡುವುದಷ್ಟೇ ಬಾಕಿ. ಪ್ರವಾಸಿಗರಿಗೆ ಮಾರುವ ಇ-ಸಿಮ್‌ಗಳಲ್ಲಿ ಬಹಳಷ್ಟು ಡೇಟಾ ಮಾತ್ರ ಕೊಡುತ್ತವೆ, ಕರೆ ಮಾಡಲು ನಂಬರ್ ಇರುವುದಿಲ್ಲ. ಹೋಟೆಲ್ಲಿಗೋ ಟ್ಯಾಕ್ಸಿಗೋ ನೇರ ಫೋನ್ ಮಾಡಬೇಕಾದವರು ಇದನ್ನು ನೋಡಿಕೊಂಡೇ ಕೊಳ್ಳಬೇಕು.

ಸಾಧನಕೇರಿ ಮೇಷ್ಟ್ರು, ಧಾರವಾಡ

ಎಲ್ಲರಿಗೂ ಧನ್ಯವಾದಗಳು. ಸ್ವಿಟ್ಜರ್ಲೆಂಡಿನ ವಿಷಯ ನಮ್ಮ ಅಳಿಯಂದಿರಿಗೂ ಹೊಸದು. ಈಗ ಎರಡು ಪ್ರಶ್ನೆಗಳು. ನನ್ನ ಪತ್ನಿಯ ಫೋನಿನಲ್ಲಿ ಎರಡನೆಯ ಸಿಮ್ಮಿನ ಜಾಗದಲ್ಲಿ ಮೆಮೊರಿ ಕಾರ್ಡ್ ಇದೆ, ಅದರ ತುಂಬ ಅವಳ ಭಜನೆಯ ಹಾಡುಗಳಿವೆ. ಅದನ್ನು ತೆಗೆಯದೆ ಎರಡು ಸಿಮ್ ಹಾಕಲು ಸಾಧ್ಯವೇ? ನನ್ನ ಫೋನ್ ಹೊಸದು, ಭಾರತದ ನಂಬರನ್ನೇ ಇ-ಸಿಮ್ ಮಾಡಿಸಿಕೊಂಡು ಹೋದರೆ ಹೇಗೆ?

ಕೊಪ್ಪಿಕರ್ ರಸ್ತೆ ಮೊಬೈಲ್ ಅಂಗಡಿ, ಹುಬ್ಬಳ್ಳಿ

ಸರ್, ಅದು ಹೈಬ್ರಿಡ್ ಟ್ರೇ. ಅದರಲ್ಲಿ ಎರಡನೆಯ ಜಾಗ ಒಂದೇ. ಸಿಮ್ ಇಡಬೇಕು ಇಲ್ಲವೇ ಕಾರ್ಡ್ ಇಡಬೇಕು. ಹಾಡುಗಳನ್ನು ಫೋನಿನ ಮೆಮೊರಿಗೆ ನಕಲು ಮಾಡಿ ಕಾರ್ಡ್ ತೆಗೆಯಬಹುದು. ಆ ಫೋನು ಇ-ಸಿಮ್ ಹಿಡಿಯುತ್ತದೆಯೇ ಎಂದು ನೋಡಲು *#06# ಒತ್ತಿ. ಫೋನಿನ ಗುರುತು ಸಂಖ್ಯೆಗಳಾದ ಐಎಂಇಐ ನಂಬರುಗಳ ಜೊತೆ ಇಐಡಿ ಎಂಬ ಉದ್ದನೆಯ ಸಂಖ್ಯೆಯೂ ಬಂದರೆ ಹಿಡಿಯುತ್ತದೆ. ಟ್ರೇ ತೆಗೆಯುವ ಸಣ್ಣ ಪಿನ್ನನ್ನು ಪಾಸ್‌ಪೋರ್ಟ್ ಕವರಿನೊಳಗೆ ಸೆಲ್ಲೋಟೇಪ್ ಹಚ್ಚಿ ಅಂಟಿಸಿಕೊಳ್ಳಿ, ಬೇಕಾದಾಗ ಸಿಗದ ವಸ್ತು ಅದು.

ಎರಡನೆಯ ಪ್ರಶ್ನೆಗೆ ನನ್ನ ಸಲಹೆ ಖಡಾಖಂಡಿತವಾಗಿದೆ: ಭಾರತದ ನಂಬರ್ ಸಿಮ್ ಕಾರ್ಡಿನಲ್ಲೇ ಇರಲಿ, ವಿದೇಶದ್ದು ಇ-ಸಿಮ್ ಆಗಲಿ. ಭಾರತದ್ದನ್ನು ಇ-ಸಿಮ್ ಮಾಡಿಸಲೇಬೇಕೆಂದರೆ ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಸಿಮ್ ಬದಲಾದ ಮೇಲೆ 24 ಗಂಟೆ ಆ ನಂಬರಿಗೆ ಎಸ್‌ಎಂಎಸ್ ಬರುವುದನ್ನೂ ಹೋಗುವುದನ್ನೂ ತಡೆಹಿಡಿಯಬೇಕೆಂಬ ನಿಯಮವಿದೆ. ವಂಚಕರು ನಕಲಿ ಸಿಮ್ ಪಡೆದು ಒಟಿಪಿ ಕದಿಯುವುದನ್ನು ತಪ್ಪಿಸಲು ಮಾಡಿದ್ದು. ಆ ಅವಧಿಯಲ್ಲಿ ನೀವು ಬೆಂಗಳೂರು ನಿಲ್ದಾಣದಲ್ಲಿದ್ದರೆ ಅಲ್ಲಿಯ ವೈಫೈನ ಒಟಿಪಿಯೂ ಬರುವುದಿಲ್ಲ. ಇ-ಸಿಮ್ ಇರುವ ಫೋನು ವಿದೇಶದಲ್ಲಿ ಕೆಟ್ಟರೆ ಅದನ್ನು ಬೇರೆ ಫೋನಿಗೆ ತರುವುದೂ ಸುಲಭವಲ್ಲ, ಕಾರ್ಡ್ ಆದರೆ ತೆಗೆದು ಇನ್ನೊಂದಕ್ಕೆ ಹಾಕಿದರೆ ಮುಗಿಯಿತು.

ಬೀಜೋದ್ಯಮ, ರಾಣೆಬೆನ್ನೂರು

ಈ ಕೊನೆಯ ಮಾತಿಗೆ ನನ್ನ ಆಕ್ಷೇಪವಿದೆ. ಜೇಬುಗಳ್ಳರು ಫೋನು ಕದ್ದರೆ ಕಾರ್ಡನ್ನು ಎಳೆದು ಬೇರೆ ಫೋನಿಗೆ ಹಾಕಿ ಒಟಿಪಿ ಪಡೆಯಬಲ್ಲರು, ಇ-ಸಿಮ್ಮನ್ನು ಹಾಗೆ ತೆಗೆಯಲಾಗದು. ಸುರಕ್ಷತೆಯ ದೃಷ್ಟಿಯಿಂದ ಇ-ಸಿಮ್ಮೇ ಮೇಲು.

ಕೊಪ್ಪಿಕರ್ ರಸ್ತೆ ಮೊಬೈಲ್ ಅಂಗಡಿ, ಹುಬ್ಬಳ್ಳಿ

ಕಾರ್ಡಿಗೂ ಸಿಮ್ ಪಿನ್ ಹಾಕಿಟ್ಟರೆ ಬೇರೆ ಫೋನಿನಲ್ಲಿ ತೆರೆಯುವುದಿಲ್ಲ, ಸರ್. ಆದರೆ ಅದನ್ನು ಹಾಕಿಸಿಕೊಳ್ಳುವವರು ಬಹಳ ಕಡಿಮೆ ಎಂಬುದೂ ನಿಜ.

ಬೆಟಗೇರಿ, ಗದಗ

ಉಮ್ರಾಕ್ಕೆ ಹೋಗುವವರಿಗಾಗಿ ಎರಡು ಮಾತು ಸೇರಿಸುತ್ತೇನೆ. ಸೌದಿಯಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಸಾಲದು, ಬೆರಳಚ್ಚೂ ಕೊಡಬೇಕು; 2016ರಿಂದ ಇದು ಕಡ್ಡಾಯ. ಜೆದ್ದಾ ನಿಲ್ದಾಣದಲ್ಲಿ ಎಸ್‌ಟಿಸಿ, ಮೊಬೈಲಿ, ಝೈನ್ ಕೌಂಟರುಗಳಿವೆ. ಜೀವನಪೂರ್ತಿ ಮಗ್ಗದ ಮುಂದೆ ಕುಳಿತ ನಮ್ಮ ಊರಿನ ಹಿರಿಯರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಹಿಡಿಯುವುದಿಲ್ಲ. ನಮ್ಮ ತಂದೆಯವರಿಗೆ ಒಂದೊಂದೇ ಬೆರಳು ಬದಲಿಸಿ ಒತ್ತಿಸಿದರೂ ಆಗಲಿಲ್ಲ, ಕೊನೆಗೆ ತಮ್ಮನ ಹೆಸರಿನಲ್ಲಿ ಸಿಮ್ ಪಡೆದು ಹಾಟ್‌ಸ್ಪಾಟ್ ಹಂಚಿಕೊಂಡೆವು. ಮದೀನಾದಲ್ಲಿ ಪ್ರವಾದಿಯವರ ಮಸೀದಿಯ ರೌಜಾ ದರ್ಶನದ ಅನುಮತಿ ಸೌದಿ ಸರ್ಕಾರದ ನುಸುಕ್ ಆ್ಯಪ್‌ನಲ್ಲೇ ಪಡೆಯಬೇಕಾದ್ದರಿಂದ ಇಂಟರ್ನೆಟ್ ಇಲ್ಲದೆ ನಡೆಯುವುದಿಲ್ಲ. ಹಿರಿಯರನ್ನು ಕರೆದೊಯ್ಯುವವರು ಅವರ ಭಾರತದ ನಂಬರಿಗೆ ರೋಮಿಂಗ್ ಚಾಲೂ ಮಾಡಿಸಿಕೊಂಡೇ ಹೊರಡಲಿ. ಜನಸಂದಣಿಯಲ್ಲಿ ಕೈ ತಪ್ಪಿದಾಗ ಹಾಟ್‌ಸ್ಪಾಟ್ ಕೆಲಸಕ್ಕೆ ಬರುವುದಿಲ್ಲ.

ಉಣಕಲ್, ಹುಬ್ಬಳ್ಳಿ

ಹುಬ್ಬಳ್ಳಿಯಲ್ಲೇ ವಿದೇಶಿ ಸಿಮ್ ಮಾರುವ ಏಜೆಂಟರಿದ್ದಾರಲ್ಲ, ಅವರಿಂದ ಕೊಂಡು ಹೋಗುವುದು ಸುಲಭವಲ್ಲವೇ ಎಂದು ಯಾರಾದರೂ ಕೇಳುತ್ತಾರೆಂದು ಮೊದಲೇ ಬರೆಯುತ್ತಿದ್ದೇನೆ. ನಮ್ಮ ಅತ್ತಿಗೆ ಒಬ್ಬ ಏಜೆಂಟರಿಂದ ಯುರೋಪಿನ ಸಿಮ್ ಎಂದು ಕೊಂಡರು. ಪ್ಯಾರಿಸ್‌ನಲ್ಲಿ ಇಳಿದ ಮೇಲೆ ಅದು ಚಾಲೂ ಆಗಲಿಲ್ಲ. ಇಲ್ಲಿಗೆ ಫೋನ್ ಮಾಡಿದರೆ ಇಲ್ಲಿ ನಡುರಾತ್ರಿ, ಎತ್ತುವವರಿಲ್ಲ. ಭಾರತದಲ್ಲಿ ವಿದೇಶಿ ಕಂಪನಿಗಳ ಸಿಮ್ ಮಾರಲು ದೂರಸಂಪರ್ಕ ಇಲಾಖೆಯ ನಿರಾಕ್ಷೇಪಣಾ ಪತ್ರ ಬೇಕು. ಅದು ಇದೆಯೇ, ಸಿಮ್ ನಿಜವಾಗಿ ಯಾವ ದೇಶದ ಯಾವ ಕಂಪನಿಯದು, ಅವಧಿ ಕೊಂಡ ದಿನದಿಂದಲೋ ಚಾಲೂ ಮಾಡಿದ ದಿನದಿಂದಲೋ ಎಂದು ಕೇಳಿ, ಉತ್ತರವನ್ನು ಬರೆಸಿಕೊಂಡೇ ಹಣ ಕೊಡಬೇಕು.

ಲಕ್ಷ್ಮೇಶ್ವರ

ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ, ಮತದಾರರ ಗುರುತಿನ ಚೀಟಿ ಸಾಕು ಎಂದು ಮುಕ್ತಿನಾಥ ಯಾತ್ರೆಗೆ ಹೊರಡುವವರು ಸಿಮ್ ಕೂಡ ಇಲ್ಲಿಯದೇ ನಡೆಯುತ್ತದೆಂದು ತಿಳಿದಿರುತ್ತಾರೆ. ಸುನೌಲಿ ಗಡಿ ದಾಟಿದ ಮೇಲೆ ಸಿಮ್‌ನ ಮಟ್ಟಿಗೆ ಅದು ಪೂರ್ತಿ ವಿದೇಶ. ಎನ್‌ಸೆಲ್ ಅಥವಾ ನೇಪಾಳ ಟೆಲಿಕಾಂ ಸಿಮ್‌ಗೆ ಗುರುತಿನ ಚೀಟಿಯ ಪ್ರತಿಯೂ ಭಾವಚಿತ್ರವೂ ಬೇಕು. ಗಡಿಯಲ್ಲಿ ಫೋಟೊ ಅಂಗಡಿ ಹುಡುಕುವ ಬದಲು ಇಲ್ಲಿಂದಲೇ ಒಯ್ಯಿರಿ. ಜೋಮ್‌ಸೋಮ್ ಕಡೆಗೆ ಏರಿದಂತೆ ನೇಪಾಳ ಟೆಲಿಕಾಂ ಹೆಚ್ಚು ಸಿಗುತ್ತದೆ.

ನವನಗರ, ನಿವೃತ್ತ ಬ್ಯಾಂಕ್ ಅಧಿಕಾರಿ

ಚೀನಾಕ್ಕೆ ಹೋಗುವವರು ರೋಮಿಂಗನ್ನೇ ಇಟ್ಟುಕೊಳ್ಳಬೇಕೆಂದು ಕೇಳಿದ್ದೇನೆ, ಅದು ನಿಜವೇ?

ವಿದ್ಯಾನಗರ, ಹುಬ್ಬಳ್ಳಿ

ನಿಜ. ರೋಮಿಂಗ್‌ನಲ್ಲಿ ನಿಮ್ಮ ಡೇಟಾ ಅಲ್ಲಿಯ ಗೋಪುರದಿಂದ ನಿಮ್ಮ ಸ್ವಂತ ಕಂಪನಿಯ ಜಾಲಕ್ಕೆ ಬಂದು, ಅಲ್ಲಿಂದ ಇಂಟರ್ನೆಟ್ಟಿಗೆ ಹೋಗುತ್ತದೆ. ಹಾಗಾಗಿ ಚೀನಾದ ಸಿಮ್‌ನಲ್ಲಿ ತೆರೆಯದ ಗೂಗಲ್, ವಾಟ್ಸ್‌ಆ್ಯಪ್‌ಗಳು ಭಾರತದ ಸಿಮ್‌ನ ರೋಮಿಂಗ್‌ನಲ್ಲಿ ತೆರೆಯುತ್ತವೆ. ಇದೇ ಕಾರಣದಿಂದ ಯುರೋಪಿನಲ್ಲಿ ರೋಮಿಂಗ್ ಡೇಟಾ ಸ್ವಲ್ಪ ನಿಧಾನ ಅನ್ನಿಸುತ್ತದೆ, ದಾರಿ ಅಷ್ಟು ಉದ್ದವಾಗಿರುತ್ತದೆ.

ವಿಮಾನದೊಳಗಿನ ಮತ್ತು ಹಡಗಿನೊಳಗಿನ ಮೊಬೈಲ್ ಜಾಲ ಬೇರೆಯೇ ಕಂಪನಿಯದಾಗಿದ್ದು, ಸಾಮಾನ್ಯ ಪ್ಯಾಕ್‌ಗಳಲ್ಲಿ ಸೇರಿರುವುದಿಲ್ಲ. ಫ್ಲೈಟ್ ಮೋಡ್ ಹಾಕದೆ ಕುಳಿತರೆ ಬ್ಯಾಲೆನ್ಸ್ ಆಕಾಶದಲ್ಲೇ ಮುಗಿಯಬಹುದು.

ಕೆಲಗೇರಿ, ಧಾರವಾಡ

ಟರ್ಕಿಗೆ ಹೋಗಿ ಬಹಳ ಕಾಲ ಇರುವವರು ಗಮನಿಸಿ: ಅಲ್ಲಿ ಹೊರದೇಶದ ಫೋನಿಗೆ ಸ್ಥಳೀಯ ಸಿಮ್ ಹಾಕಿದರೆ, ಐಎಂಇಐ ನೋಂದಾಯಿಸದಿದ್ದಲ್ಲಿ 120 ದಿನಗಳ ನಂತರ ಆ ಫೋನಿಗೆ ಅಲ್ಲಿಯ ಜಾಲ ಸಿಗುವುದಿಲ್ಲ.

ಸಾಧನಕೇರಿ ಮೇಷ್ಟ್ರು, ಧಾರವಾಡ

ಮಗಳಿಗೆ ಈ ಬರಹಗಳನ್ನೆಲ್ಲ ಕಳಿಸಿದೆ. ದೀರ್ಘಾವಧಿಯ ಕರೆ ಮತ್ತು ಎಸ್‌ಎಂಎಸ್ ಪ್ಯಾಕ್ ನಾಳೆಯೇ ಹಾಕಿಸುತ್ತೇನೆ. ಅವಳು ಕಳಿಸಿದ ಆಲ್ಡಿ ಸಿಮ್‌ನ ಚಿತ್ರದಲ್ಲಿ ಪಿನ್ ಮತ್ತು ಪಿಯುಕೆ ಎಂಬ ಎರಡು ಸಂಖ್ಯೆಗಳು ಕಾಣುತ್ತಿವೆ. ನಮ್ಮ ಸಿಮ್‌ಗಳಲ್ಲಿ ಯಾರೂ ಇವನ್ನು ಕೇಳಿದ್ದಿಲ್ಲ. ಇವುಗಳ ಅಗತ್ಯವೇನು?

ಸ್ಟುಟ್‌ಗಾರ್ಟ್‌ನ ಧಾರವಾಡಿಗ

ಕೇಳಿದ್ದು ಒಳ್ಳೆಯದಾಯಿತು, ಮೇಷ್ಟ್ರೇ, ಇಲ್ಲಿಗೆ ಬರುವ ತಂದೆತಾಯಿಯರು ತೊಡಕಿಗೆ ಬೀಳುವುದು ಇದರಲ್ಲೇ. ಜರ್ಮನಿಯ ಸಿಮ್‌ಗಳಿಗೆ ಕಂಪನಿಯೇ ಪಿನ್ ಹಾಕಿರುತ್ತದೆ. ಫೋನು ಆಫ್ ಆಗಿ ಮತ್ತೆ ಆನ್ ಆದಾಗಲೆಲ್ಲ ಪರದೆಯ ಮೇಲೆ ಸಿಮ್ ಪಿನ್ ಕೇಳುತ್ತದೆ. ಹಿರಿಯರು ಅದನ್ನು ಫೋನಿನ ಬೀಗದ ಸಂಖ್ಯೆಯೆಂದು ತಿಳಿದು ತಮ್ಮದನ್ನೇ ಒತ್ತುತ್ತಾರೆ. ಮೂರು ಸಲ ತಪ್ಪಾದರೆ ಪಿಯುಕೆ ಕೇಳುತ್ತದೆ, ಪಿಯುಕೆಯೂ ಹತ್ತು ಸಲ ತಪ್ಪಾದರೆ ಆ ಸಿಮ್ ಶಾಶ್ವತವಾಗಿ ಕೆಟ್ಟುಹೋಗುತ್ತದೆ. ಸಿಮ್ ಬಿಡಿಸಿಕೊಂಡ ಪ್ಲಾಸ್ಟಿಕ್ ಚೌಕಟ್ಟನ್ನು ಎಸೆಯಬೇಡಿ, ಎರಡೂ ಸಂಖ್ಯೆಗಳು ಅದರ ಮೇಲಿರುತ್ತವೆ. ಬಂದ ದಿನವೇ ಸೆಟ್ಟಿಂಗ್ಸ್‌ಗೆ ಹೋಗಿ ಮಗಳಿಂದ ಆ ಪಿನ್ನನ್ನು ನಿಮಗೆ ನೆನಪಿರುವ ಸಂಖ್ಯೆಗೆ ಬದಲಾಯಿಸಿಕೊಳ್ಳಿ. ಒಬ್ಬರೇ ವಾಕಿಂಗ್ ಹೋದಾಗ ಏನಾದರೂ ಆದರೆ ಇಲ್ಲಿಯೂ ತುರ್ತು ಸಂಖ್ಯೆ 112; ಬ್ಯಾಲೆನ್ಸ್ ಇಲ್ಲದಿದ್ದರೂ ಹೋಗುತ್ತದೆ, ಆದರೆ 2009ರಿಂದ ಜರ್ಮನಿಯಲ್ಲಿ ಚಾಲ್ತಿಯಲ್ಲಿರುವ ಸಿಮ್ ಇಲ್ಲದ ಫೋನಿನಿಂದ ಅದಕ್ಕೂ ಕರೆ ಹೋಗುವುದಿಲ್ಲ.